ಕೋವಿಗೂ ತೋಟೆಗೂ ಬೇರೆ ಬೇರೆ ಬೀಗವಿರಲಿ

ಮಾನ್ಯ ಸಂಪಾದಕರೇ,

1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಅವಧಿಗೆ, ಅಂದರೆ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಂದು ತೋಕ್‌ಪೂ (ಕೋವಿ ಹೂ) ಇಟ್ಟು ಪೂಜಿಸುವ ಕೋವಿಯ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಉಳಿದ ದಿನಗಳಲ್ಲಿ ಅದನ್ನು ಎಲ್ಲಿ, ಹೇಗೆ ಇಡಲಾಗುತ್ತದೆ ಎಂಬುದೇ ನನ್ನ ಆತಂಕ.

ಕಳೆದ ಪುತ್ತರಿ ಸುಗ್ಗಿ ಹಬ್ಬಕ್ಕೆ ನೆಂಟರ ಮನೆಗೆ ಹೋಗಿದ್ದಾಗ, ತೋಟಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ತೋಟೆ ತುಂಬಿಸಿ ಬಾಗಿಲ ಮೂಲೆಗೆ ಒರಗಿಸಿಟ್ಟಿದ್ದ ಕೋವಿಯನ್ನು ಆರು ವರ್ಷದ ಮಗುವೊಂದು ಎಳೆದಾಡುತ್ತಿದ್ದುದನ್ನು ಕಂಡು ಎದೆ ಝಲ್ಲೆಂದಿತು. ಮುಟ್ಟಬಾರದೆಂದು ಹೇಳಿದ್ದೇವೆ ಎಂದರು ಮನೆಯವರು. ಹೇಳಿದ ಮಾತ್ರಕ್ಕೆ ಮಕ್ಕಳ ಕುತೂಹಲ ನಿಲ್ಲುವುದಿಲ್ಲ; ಅಟ್ಟದ ಮೇಲೆ ಬಚ್ಚಿಟ್ಟರೂ ಅವರು ಹುಡುಕಿ ತೆಗೆಯುತ್ತಾರೆ. ಕೋವಿಯನ್ನು ಖಾಲಿ ಮಾಡಿ, ಒಳಗೆ ತೋಟೆ ಉಳಿದಿಲ್ಲವೆಂದು ಕಣ್ಣಾರೆ ನೋಡಿ, ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಡಬೇಕು. ತೋಟೆಗಳಿಗೆ ಬೇರೆಯೇ ಬೀಗವಿರಬೇಕು. ಬೀಗದ ಕೈ ಗೋಡೆಯ ಮೊಳೆಯಲ್ಲಿ ನೇತಾಡದೆ ಹಿರಿಯರ ಬಳಿಯೇ ಇರಬೇಕು.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನಡೆಸುವ ಕೊಡವ ಸಮಾಜಗಳು, ಅದೇ ಮೈದಾನದಲ್ಲಿ ಹೆತ್ತವರಿಗೆ ಇದನ್ನು ತೋರಿಸಿಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ವಿರಾಜಪೇಟೆ