ಶಿಬಿರ ಮುಗಿದ ಮೇಲೆ

ಊರು ಬಿಟ್ಟು ಬಂದು ನೆಲೆಸಿರುವ ನಮ್ಮ ಸಂಘದ ಈ ಸಲದ ರಾಜ್ಯೋತ್ಸವ ನಿಧಿ ಕೋಲಾರ ಜಿಲ್ಲೆಯ ಆರೋಗ್ಯದ ಕೆಲಸಕ್ಕೆ ಎಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಬಂದ ಸಲಹೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಮುಳಬಾಗಿಲು ಕಡೆ ದೊಡ್ಡದಾಗಿ ಒಂದು ಉಚಿತ ತಪಾಸಣಾ ಶಿಬಿರ ಮಾಡಿಸೋಣ. ಉದ್ದೇಶ ಒಳ್ಳೆಯದೇ, ಆದರೆ ನನಗೆ ಒಪ್ಪಿಗೆಯಿಲ್ಲ.

ಶಿಬಿರದಲ್ಲಿ ಬಿಪಿ, ಶುಗರ್ ನೋಡಿ ಹದಿನೈದು ದಿನದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹದಿನಾರನೇ ದಿನ ಏನು ಗತಿ? ಈ ಮಾತ್ರೆಗಳನ್ನು ಬಹುತೇಕರು ಬದುಕಿರುವವರೆಗೂ ನುಂಗಬೇಕು. ನೋವಿಲ್ಲ, ಜ್ವರವಿಲ್ಲ, ‘ಚೆನ್ನಾಗೇ ಇದೀನಲ್ಲಪ್ಪ, ಇನ್ಯಾಕೆ ಮಾತ್ರೆ’ ಎಂದು ಬಿಟ್ಟವರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಕೆಲವು ವರ್ಷ ಕಳೆದ ಮೇಲೆ ಲಕ್ವ ಹೊಡೆದಾಗಲೋ ಕಿಡ್ನಿ ಕೈಕೊಟ್ಟಾಗಲೋ ನಮಗೆ ಫೋನ್ ಬರುತ್ತದೆ.

ನಾವಿರುವ ಕಡೆ ರಕ್ತಪರೀಕ್ಷೆಯ ತಾರೀಖು ತಪ್ಪಿಸಿದರೆ ಕ್ಲಿನಿಕ್‌ನವರೇ ನೆನಪಿಸುತ್ತಾರೆ. ಊರಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ, ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು ರಕ್ತ ಕೊಡುವ ಹೊತ್ತಿಗೆ ಬಿಸಿಲೇರಿರುತ್ತದೆ. ತಿಂಡಿ ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ ಕೊಡಬೇಕು. ಅಷ್ಟರಲ್ಲಿ ಸಂಜೆ ಹಾಲು ಕರೆಯುವ ಚಿಂತೆ. ಎಷ್ಟೋ ಹೆಂಗಸರು ರಿಪೋರ್ಟ್ ಕೈಗೆ ಬರುವ ಮೊದಲೇ ಊರಿನ ಬಸ್ಸು ಹತ್ತುತ್ತಾರೆ.

ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ನಮ್ಮ ಕೋಲಾರದಲ್ಲೇ. 30 ವರ್ಷ ದಾಟಿದವರನ್ನು ಮನೆ ಬಾಗಿಲಲ್ಲೇ ಪರೀಕ್ಷಿಸಿ, ಬೇಕಾದವರಿಗೆ ಉಚಿತವಾಗಿ ಮಾತ್ರೆ ಮುಟ್ಟಿಸುವ ಯೋಜನೆ ಅದು. ಯಾರ ಮನೆಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆ ಎಂದು ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಆದರೆ ಬಸುರಿ, ಬಾಣಂತಿ, ಲಸಿಕೆ, ಸರ್ವೆ ಎಲ್ಲವೂ ಆಕೆಯ ತಲೆ ಮೇಲೇ. ಗೌರವಧನ ಹೆಚ್ಚಿಸಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿಗೆ ಬಂದು ಧರಣಿ ಕೂತವರು ಇವರೇ. ಇವರನ್ನು ಬಿಟ್ಟು ನಾವು ಬೇರೆ ಪೆಂಡಾಲ್ ಹಾಕುವುದು ತರವಲ್ಲ.

ನನ್ನ ಸಲಹೆ ಹಾಲಿನ ಡೇರಿ. ಮನೆಮನೆ ಸುತ್ತುವಾಗ ಗಂಡಸರು ಸಿಗುವುದು ಅಪರೂಪ. ಡೇರಿಯಲ್ಲಾದರೆ ಬೆಳಿಗ್ಗೆ, ಸಂಜೆ ಸಿಗುತ್ತಾರೆ. ಫ್ಯಾಟ್ ನೋಡಿ ಹಾಲು ಅಳೆಯುವವರೆಗೆ ಕಾಯಲೇಬೇಕು. ಆ ಹೊತ್ತಿನಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ ಬಿಪಿ ನೋಡಬಹುದು. ‘ನಾಳೆ ಕಾಫಿ ಕುಡೀದೆ ಬನ್ನಿ’ ಎಂದು ಹಿಂದಿನ ಸಂಜೆಯೇ ಹೇಳಿದರೆ ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಯೂ ಕೂಲಿ ತಪ್ಪದೆ ಮುಗಿಯುತ್ತದೆ. ಬಿಪಿ 140/90 ದಾಟಿದವರ, ಶುಗರ್ 126 ಮುಟ್ಟಿದವರ ಹೆಸರು ಅವತ್ತೇ ಆಶಾ ಕೈಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಹಸು ಇಲ್ಲದ ಕೂಲಿಯವರು ಡೇರಿಗೆ ಬರುವುದಿಲ್ಲ ಎಂಬುದೂ ನಿಜ. ಅವರಿಗೆ ಸ್ತ್ರೀಶಕ್ತಿ ಸಂಘದ ವಾರದ ಸಭೆಯೇ ಸರಿಯಾದ ಜಾಗ.

ನಮ್ಮ ಹಣ ಬಿಪಿ ಮೆಷಿನ್ನಿಗೆ, ಶುಗರ್ ಸ್ಟ್ರಿಪ್‌ಗೆ, ಶುಗರ್ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲು ಹೋಗುವ ದಿನದ ಕೂಲಿ ಮತ್ತು ಬಸ್ ಚಾರ್ಜಿಗೆ ಹೋಗಲಿ. ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಮೊದಲು ಬೇಕು. ಒಂದು ವರ್ಷಕ್ಕೆ ಕೈಬಿಡುವುದಾದರೆ ಶುರುಮಾಡುವುದೇ ಬೇಡ. ಕಡಿಮೆ ಊರುಗಳಾದರೂ ಸರಿ, ಕನಿಷ್ಠ ಮೂರು ವರ್ಷ ನಡೆಸೋಣ.

ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯವರು ನಿಮ್ಮೂರಿನ ಡೇರಿಯ ಕಾರ್ಯದರ್ಶಿಯ ಹತ್ತಿರ ಮಾತಾಡಿ, ಮುಂದಿನ ಸಭೆಯೊಳಗೆ ನನಗೆ ತಿಳಿಸಿ. ಆರೋಗ್ಯ ಕೇಂದ್ರಕ್ಕೆ ಬರೆಯಬೇಕಾದ ಪತ್ರವನ್ನು ನಾನು ಸಿದ್ಧ ಮಾಡಿಟ್ಟಿದ್ದೇನೆ.