ಪಿಲ್ಲರ್ ಎದ್ದ ಮೇಲೆ ಹೈಕೋರ್ಟಿಗೆ ಹೋಗಿ ಅಂದರೆ ಹೇಗೆ?

ಸಂಪಾದಕರಿಗೆ ನಮಸ್ಕಾರ.

ಮನೆಗಳ ಮಧ್ಯೆ ಭೂ ಉಪಯೋಗ ಬದಲಾವಣೆ ಆದಾಗ, ಅಂದರೆ ವಾಸಕ್ಕೆಂದು ಗುರುತಿಸಿದ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಅನುಮತಿ ಕೊಟ್ಟಾಗ, ಅದನ್ನು ಪ್ರಶ್ನಿಸಿ ಅಕ್ಕಪಕ್ಕದವರು ಜಿಲ್ಲೆಯಲ್ಲೇ ಮೇಲ್ಮನವಿ ಹಾಕುವಂತಿರಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಶಿವಮೊಗ್ಗದ ನಮ್ಮ ಬೀದಿಯದ್ದೇ ಹೇಳುತ್ತೇನೆ. ಊರಿನ ಯಾವ ಜಾಗ ಯಾವುದಕ್ಕೆ ಅಂತ ಗುರುತಿಸುವ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಮ್ಮದು ಪೂರ್ತಿ ಹಳದಿ ಬಣ್ಣ, ಅಂದರೆ ವಾಸದ ವಲಯ. ಮೂಲೆಯ ಸೈಟುಗಳನ್ನು ಸೇರಿಸಿ ಒಬ್ಬರು ಪಾರ್ಟಿ ಹಾಲ್ ಕಟ್ಟಲು ಶುರು ಮಾಡಿದರು. ಪಿಲ್ಲರ್ ಎದ್ದ ಮೇಲೆ ಅನುಮತಿ ಕೊಟ್ಟ ಕಚೇರಿಗೆ ಹೋಗಿ ಕೇಳಿದರೆ, 'ಭೂ ಉಪಯೋಗ ಬದಲಾವಣೆ ಬಗ್ಗೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟಿದ್ದೆವಲ್ಲ, ಆಗ ಯಾಕೆ ಆಕ್ಷೇಪಣೆ ಹಾಕಲಿಲ್ಲ?' ಅಂತ ನಮಗೇ ಪ್ರಶ್ನೆ. ಹಳೇ ಪೇಪರ್ ಹುಡುಕಿ ನೋಡಿದೆವು. ಇತ್ತು, ಸುಳ್ಳಲ್ಲ. ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ಸರ್ವೆ ನಂಬರ್, ಗುಂಟೆ ಲೆಕ್ಕ, ಅಷ್ಟೇ. ಯಾವ ಕ್ರಾಸ್, ಯಾವ ದೇವಸ್ಥಾನದ ಹಿಂದೆ, ಏನು ಕಟ್ಟುತ್ತಾರೆ ಅಂತ ಒಂದು ಸಾಲಿಲ್ಲ. ತಮ್ಮ ಬಡಾವಣೆ ಹಿಂದೆ ಯಾವ ಸರ್ವೆ ನಂಬರಿನ ಗದ್ದೆಯಾಗಿತ್ತು ಅಂತ ಎಷ್ಟು ಜನರಿಗೆ ಗೊತ್ತಿರುತ್ತೆ, ನೀವೇ ಹೇಳಿ.

ಕಾನೂನು ಇಲ್ಲ ಅಂತಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಒಂದಾದರೂ ದಿನಪತ್ರಿಕೆಯಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಆ ಕನಿಷ್ಠವೇ ಎಲ್ಲ ಕಡೆ ಗರಿಷ್ಠ ಆಗಿಬಿಟ್ಟಿದೆ ಅನ್ನಿಸುತ್ತೆ. ಆಷಾಢದ ಮಳೆಯಲ್ಲಿ ಹದಿನೈದು ದಿನ ಅಂದರೆ ಮಲೆನಾಡಿನಲ್ಲಿ ಪೇಪರ್ ಒಣಗುವಷ್ಟರಲ್ಲಿ ಗಡುವು ಮುಗಿದಿರುತ್ತೆ.

ಸರಿ, ಯಾರೋ ಒಬ್ಬರು ನೋಡಿ ಆಕ್ಷೇಪಣೆ ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಅದನ್ನು ಯಾಕೆ ಒಪ್ಪಲಿಲ್ಲ ಅಂತ ಅವರಿಗೆ ಬರಹದಲ್ಲಿ ಉತ್ತರ ಬರಬೇಕಲ್ವಾ? ಬಾರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ಸಾಮಾನ್ಯ ಮನುಷ್ಯ ಹೋಗುವುದಾದರೂ ಎಲ್ಲಿಗೆ? ವಕೀಲರನ್ನು ಕೇಳಿದರೆ ಸಿಗುವ ಉತ್ತರ ಒಂದೇ, ಹೈಕೋರ್ಟಿನಲ್ಲಿ ರಿಟ್, ಅಂದರೆ ಸರ್ಕಾರಿ ಕಚೇರಿಯ ತೀರ್ಮಾನವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ. ಶಿವಮೊಗ್ಗ ಬರುವುದು ಬೆಂಗಳೂರು ಪೀಠಕ್ಕೆ, ಅಂದರೆ ಹತ್ತಿರ ಹತ್ತಿರ ಮುನ್ನೂರು ಕಿಲೋಮೀಟರ್. ಪಿಂಚಣಿಯಲ್ಲಿ ಬದುಕುವ ಮೇಷ್ಟ್ರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು ಅಷ್ಟು ಖರ್ಚು ಎಲ್ಲಿಂದ ತರುತ್ತಾರೆ? ಹೋದರೂ ಕೋರ್ಟ್ ಜಾಸ್ತಿ ನೋಡುವುದು ಕ್ರಮ ಸರಿಯಾಗಿ ನಡೆದಿದೆಯಾ ಅಂತ. ಬೀದಿ ಎಷ್ಟು ಅಗಲ ಇದೆ, ಮದುವೆಗೆ ಬಂದ ಕಾರುಗಳು ಯಾರ ಗೇಟಿನ ಮುಂದೆ ನಿಲ್ಲುತ್ತವೆ, ಮಳೆ ನೀರು ಯಾವ ಕಡೆ ಹರಿಯುತ್ತೆ, ಇದನ್ನೆಲ್ಲ ಸ್ಥಳಕ್ಕೆ ಬಂದೇ ನೋಡಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಊರೊಳಗೆ ನೀರು ನುಗ್ಗಿದ್ದು ಮರೆತಿಲ್ಲ ತಾನೇ? ತಗ್ಗು ಎಲ್ಲಿದೆ, ಹಳೇ ಕಾಲುವೆ ಎಲ್ಲಿತ್ತು ಅನ್ನುವುದು ನಕ್ಷೆಗಿಂತ ಚೆನ್ನಾಗಿ ಅಲ್ಲಿನವರಿಗೇ ಗೊತ್ತಿರುತ್ತೆ.

ಮಾಹಿತಿ ಹಕ್ಕಿನಲ್ಲಿ ನೋಡಿ. ಉತ್ತರ ಸರಿಯಿಲ್ಲ ಅಂದರೆ 30 ದಿನದೊಳಗೆ ಮೇಲಿನ ಅಧಿಕಾರಿಗೆ ಅರ್ಜಿ ಹಾಕಬಹುದು, ಅವರು 30, ತಪ್ಪಿದರೆ 45 ದಿನದಲ್ಲಿ ತೀರ್ಮಾನ ಮಾಡಬೇಕು. ವಕೀಲರೇ ಬೇಡ. ಪಕ್ಕದ ಕೇರಳದಲ್ಲಿ ಪಂಚಾಯಿತಿ, ಪುರಸಭೆಗಳ ತೀರ್ಮಾನದ ಮೇಲೆ ಮೇಲ್ಮನವಿ ಕೇಳಲು ಪ್ರತ್ಯೇಕ ನ್ಯಾಯಮಂಡಳಿಯೇ ಇದೆ. ನಮಗೂ ಅಂಥದ್ದೊಂದು ಜಿಲ್ಲಾ ಮಟ್ಟದಲ್ಲಿ ಬೇಕು. ಅದರಲ್ಲಿ ಅನುಮತಿ ಕೊಟ್ಟ ಕಚೇರಿಯವರು ಕೂರಬಾರದು. ತಮ್ಮ ತೀರ್ಮಾನವನ್ನು ತಾವೇ ತಪ್ಪು ಅಂತ ಯಾರು ಹೇಳುತ್ತಾರೆ? ಮೇಲ್ಮನವಿ ತೀರ್ಮಾನ ಆಗುವ ತನಕ ಪಾಯ ತೋಡುವಂತಿಲ್ಲ ಅನ್ನುವ ಷರತ್ತೂ ಇರಲಿ. ಇಲ್ಲದಿದ್ದರೆ ವಿಚಾರಣೆ ಹೊತ್ತಿಗೆ ಕಟ್ಟಡಕ್ಕೆ ಸುಣ್ಣ ಬಣ್ಣ ಮುಗಿದು, 'ಅಷ್ಟು ದುಡ್ಡು ಹಾಕಿದ್ದಾರೆ ಪಾಪ' ಅನ್ನುವ ಮಾತು ಬರುತ್ತೆ.

ಈ ಮೇಲ್ಮನವಿಯನ್ನೇ ಇಟ್ಟುಕೊಂಡು ದುಡ್ಡು ವಸೂಲಿ ಮಾಡುವವರು ಹುಟ್ಟಿಕೊಳ್ಳುತ್ತಾರೆ ಅಂತ ಕಟ್ಟುವವರು ಹೇಳುತ್ತಾರೆ. ಅದೂ ಸುಳ್ಳಲ್ಲ, ಅಂಥವರು ನಮ್ಮೂರಲ್ಲೂ ಇದ್ದಾರೆ. ಹಾಗಾಗಿ ಪ್ರಕಟಣೆ ಬಂದಾಗಲೇ ಆಕ್ಷೇಪಣೆ ಕೊಟ್ಟವರಿಗೆ, ಅದೂ ಆ ಸುತ್ತಮುತ್ತ ಇರುವವರಿಗೆ ಮಾತ್ರ ಅವಕಾಶ ಕೊಡಿ. 60 ದಿನದಲ್ಲಿ ಇತ್ಯರ್ಥ ಆಗಲೇಬೇಕು ಅಂತಲೂ ಬರೆಯಿರಿ. ಕಟ್ಟುವವರಿಗೂ ಕಾಯುವ ಕಷ್ಟ ಇದೆ, ಬ್ಯಾಂಕ್ ಬಡ್ಡಿ ನಿಲ್ಲುವುದಿಲ್ಲ.

ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಭೂ ಉಪಯೋಗ ಬದಲಾವಣೆಗೆ ಒತ್ತಡ ಇನ್ನೂ ಬರುತ್ತೆ. ಕಾಯ್ದೆ ತಿದ್ದುವುದು ವಿಧಾನಮಂಡಲದ ಕೆಲಸ, ಜಿಲ್ಲೆಯ ಶಾಸಕರು ಅಲ್ಲಿ ಮಾತಾಡಲಿ. ಅಲ್ಲಿಯವರೆಗೆ ಒಂದು ಕೆಲಸವನ್ನಂತೂ ಸುತ್ತೋಲೆಯಲ್ಲೇ ಮಾಡಬಹುದು: ಬದಲಾವಣೆ ಕೇಳಿದ ಜಾಗದಲ್ಲೇ ದೊಡ್ಡ ಬೋರ್ಡ್ ಹಾಕಿಸಿ, ಏನು ಕಟ್ಟುತ್ತಾರೆ, ಆಕ್ಷೇಪಣೆಗೆ ಕೊನೇ ದಿನ ಯಾವುದು, ಯಾವ ಕಚೇರಿಗೆ ಕೊಡಬೇಕು ಅಂತ ಕನ್ನಡದಲ್ಲಿ ಬರೆಸಿ. ಖರ್ಚನ್ನು ಅರ್ಜಿದಾರರೇ ಕೊಡಲಿ.

– ಒಬ್ಬ ನಿವಾಸಿ, ಗೋಪಾಳ, ಶಿವಮೊಗ್ಗ