ಭಾನುವಾರ ಅಂಜುನಾದ ಬಂಡೆಗಳ ಮೇಲೆ ಕಾಲಿಡುವ ಮುಂಚೆ

ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋದಿಂದ ಅಂಜುನಾ ಕಡಲತೀರಕ್ಕೆ ಹೊರಟವರೆಲ್ಲ ಇದನ್ನು ಪೂರ್ತಿ ಓದಿ. ಮಕ್ಕಳಿಗೂ ಓದಿ ಹೇಳಿ.

ನೀರು ಇಳಿದಾಗ ಅಲ್ಲಿ ಬಂಡೆಗಳ ನಡುವೆ ಸಣ್ಣ ಸಣ್ಣ ಹೊಂಡಗಳು ಉಳಿಯುತ್ತವೆ. ಬಿರುಕಿನಲ್ಲಿ ಕಪ್ಪು ಮುಳ್ಳಿನ ಚೆಂಡಿನ ಹಾಗೆ ಏನಾದರೂ ಕೂತಿದ್ದರೆ ಅದೇ ಸೀ ಅರ್ಚಿನ್. ಕಲ್ಲಲ್ಲ, ಗಿಡವೂ ಅಲ್ಲ. ಜೀವ ಇರುವ ಪ್ರಾಣಿ, ನಕ್ಷತ್ರಮೀನಿನ ನೆಂಟ.

ಹೋದ ಸಲ ಒಂದನ್ನು ಬಗ್ಗಿ ನೋಡುತ್ತಿದ್ದೆ. ನನ್ನ ಕೈ ನೆರಳು ಬಿದ್ದದ್ದೇ ತಡ, ಮುಳ್ಳುಗಳೆಲ್ಲ ಆ ಕಡೆಗೇ ತಿರುಗಿದವು! ಕಣ್ಣಿಲ್ಲ ಅದಕ್ಕೆ. ಮೈಯಿಂದಲೇ ಬೆಳಕು, ನೆರಳು ತಿಳಿಯುತ್ತದೆ. ಬಾಯಿ ಇರುವುದು ಕೆಳಗಡೆ, ಅದರಲ್ಲಿ 5 ಹಲ್ಲು. ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತದೆ. ಹಲ್ಲು ಸವೆದಷ್ಟೂ ಬೆಳೆಯುತ್ತಲೇ ಇರುತ್ತದೆ. ಮುಳ್ಳುಗಳ ಸಂದಿಯಿಂದ ದಾರದಷ್ಟು ತೆಳ್ಳಗಿನ ಕಾಲುಗಳು ಚಾಚಿಕೊಂಡು ಕಲ್ಲಿಗೆ ಅಂಟಿಕೊಳ್ಳುತ್ತವೆ. ಅಲೆ ಬಡಿದರೂ ಅದು ಕದಲದೇ ಇರುವುದು ಹಾಗೆ. ಹಗಲು ಅಡಗಿದ್ದು ರಾತ್ರಿ ಮೇಯಲು ಹೊರಡುವ ಜಾತಿಗಳೇ ಜಾಸ್ತಿ.

ಕೀಳಬೇಡಿ, ಸುಮ್ನೆ ನೋಡಿ. ಎಳೆದರೆ ಆ ಪುಟ್ಟ ಕಾಲುಗಳು ಹರಿದುಹೋಗುತ್ತವೆ.

ಬರಿಗಾಲಲ್ಲಿ ಇಳಿಯಬೇಡಿ, ಹವಾಯಿ ಚಪ್ಪಲಿ ಜಾರುತ್ತದೆ. ದಪ್ಪ ತಳದ ಶೂ ಇರಲಿ. ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತದೆ. ಆಗ ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಡಬೇಕು. ಕೀಲಿನ ಹತ್ತಿರ ಚುಚ್ಚಿದ್ದರೆ ನೇರ ಡಾಕ್ಟರ ಹತ್ತಿರ ಹೋಗಬೇಕು. ಫ್ಲಾಸ್ಕಿನಲ್ಲಿ ಬಿಸಿ ನೀರು, ಒಂದು ಚಿಮಟ ನಾನು ತರುತ್ತೇನೆ.